ನೀರಿನ ಮಟ್ಟ ತೋರಿಸುವ ಪೆಟ್ಟಿಗೆ: ಮೂರನೆಯ ಮಾದರಿಯಿಂದ ಐದನೆಯದರವರೆಗೆ

ಬೆಂಗಳೂರಿನ ಹನುಮಂತನಗರದ ನಮ್ಮ ಮೂರು ಅಂತಸ್ತಿನ ಕಟ್ಟಡಕ್ಕೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ನೀರು ಮೊದಲು ಸಂಪಿನಲ್ಲಿ ತುಂಬಿಕೊಂಡು, ಅಲ್ಲಿಂದ ಮೋಟರ್ ಹಾಕಿದಾಗ ತಾರಸಿಯ ಎರಡು ಸಾವಿರ ಲೀಟರಿನ ಟ್ಯಾಂಕಿಗೆ ಏರುತ್ತದೆ. ಎರಡರಲ್ಲೂ ಎಷ್ಟು ನೀರಿದೆ ಎಂಬುದನ್ನು ಮೆಟ್ಟಿಲ ಕೆಳಗಿನ ಮೋಟರ್ ಸ್ವಿಚ್ಚಿನ ಪಕ್ಕದಲ್ಲೇ ತೋರಿಸುವ ಪೆಟ್ಟಿಗೆಯೊಂದನ್ನು ನಾಲ್ಕು ತಿಂಗಳಿಂದ ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೇನೆ. ಮೊದಲ ಎರಡು ಮಾದರಿಗಳು ನನ್ನ ಮೇಜಿನ ಮೇಲೆ, ಬಕೆಟ್ ನೀರಿನ ಎದುರು ಸರಿಯಾಗಿಯೇ ಕೆಲಸ ಮಾಡಿದ್ದವು. ಈ ಟಿಪ್ಪಣಿ ಅದರ ನಂತರದ್ದು, ಅಂದರೆ ಪೆಟ್ಟಿಗೆಯನ್ನು ನಿಜವಾಗಿ ನೋಡಿ ಮೋಟರ್ ಹಾಕುವವರ ಕೈಗೆ ಕೊಟ್ಟ ಮೇಲಿನದ್ದು.

ಮೂರನೆಯ ಮಾದರಿಯಲ್ಲಿ ಟ್ಯಾಂಕಿಗೆ ಮೂರು ದೀಪಗಳಿದ್ದವು. ನೀರು ತಳದಲ್ಲಿದ್ದರೆ ಕೆಂಪು ಮಾತ್ರ, ಅರ್ಧವಾದರೆ ಅದರ ಜೊತೆಗೆ ಹಳದಿ, ತುಂಬಿದರೆ ಹಸಿರೂ ಸೇರಿ ಮೂರೂ ಉರಿಯುತ್ತಿದ್ದವು. ನಮ್ಮ ಕಟ್ಟಡದ ಮೋಟರನ್ನು ಬೆಳಗಿನ ಹೊತ್ತು ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಹಾಕಿಕೊಡುತ್ತಾರೆ. ಅವರಿಗೆ ಏನನ್ನೂ ವಿವರಿಸದೆ ಪೆಟ್ಟಿಗೆಯನ್ನು ಗೋಡೆಗೆ ಹಾಕಿ, ನಾನು ಮೇಲಿನ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕುಳಿತೆ. ಅಂದು ಟ್ಯಾಂಕ್ ಬಹುತೇಕ ಖಾಲಿಯಾಗಿತ್ತು, ಕೆಂಪು ದೀಪವೊಂದೇ ಉರಿಯುತ್ತಿತ್ತು. ಅವರು ಬಂದರು, ಸ್ವಿಚ್ಚಿನ ಮೇಲೆ ಕೈ ಇಟ್ಟರು, ಪೆಟ್ಟಿಗೆಯನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡು ನನ್ನನ್ನು ಕರೆದರು: “ಸಾರ್, ಎರಡು ಫೇಸ್ ಹೋಗಿದೆ. ಈಗ ಮೋಟರ್ ಹಾಕಿದ್ರೆ ಸುಟ್ಟು ಹೋಗುತ್ತೆ.”

ಅವರ ತಿಳಿವಳಿಕೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಅಪಾರ್ಟ್‌ಮೆಂಟಿನ ಬೋರ್‌ವೆಲ್ ಪ್ಯಾನಲ್ ಮೇಲೆ ಕೆಂಪು, ಹಳದಿ, ನೀಲಿ ದೀಪಗಳು ಮೋಟರಿಗೆ ಕರೆಂಟ್ ತರುವ ಮೂರು ಫೇಸ್‌ಗಳ ಗುರುತಾಗಿ ಸಾಲಾಗಿರುತ್ತವೆ. ಅವುಗಳಲ್ಲಿ ಒಂದು ಆರಿದ್ದರೂ ಮೋಟರ್ ಹಾಕಬಾರದೆಂಬುದು ಅವರು ವರ್ಷಗಳಿಂದ ಪಾಲಿಸಿಕೊಂಡು ಬಂದಿರುವ ನಿಯಮ. ಫೇಸ್ ಕೈಕೊಟ್ಟಾಗ ಉಳಿದ ವೈಂಡಿಂಗ್‌ಗಳಲ್ಲಿ ಕರೆಂಟ್ ಏರಿ ಮೋಟರ್ ಸುಡುವುದೂ ನಿಜವೇ. ಹೀಗಾಗಿ ನೀರು ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲೇ ನನ್ನ ಪೆಟ್ಟಿಗೆ ಮೋಟರ್ ಹಾಕಬೇಡವೆಂದು ಹೇಳಿತ್ತು. ಬಣ್ಣಗಳನ್ನು ಆರಿಸುವಾಗ ನಾನು ಯೋಚಿಸಿದ್ದು ರಸ್ತೆಯ ಸಿಗ್ನಲ್ ದೀಪಗಳನ್ನು. ಮೋಟರ್ ಸ್ವಿಚ್ಚಿನ ಎದುರು ನಿಂತವರ ಕಣ್ಣಿಗೆ ಮೊದಲು ಬರುವುದು ಪ್ಯಾನಲ್ ದೀಪಗಳು. ಇದೇ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಅವರಿಗೆ ತೋರಿಸಿದ್ದರೆ ಈ ವಿಷಯ ಹೊರಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ನಾಲ್ಕನೆಯ ಮಾದರಿಗೆ ನಾನು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಗೆ ಹೋಗಲಿಲ್ಲ, ರಟ್ಟಿನಲ್ಲೇ ಮಾಡಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಾಗಿ ಧ್ವನಿ ಸಂದೇಶ ವ್ಯವಸ್ಥೆಯನ್ನು ರೂಪಿಸಿದ ಐಬಿಎಂನ ಜಾನ್ ಗೌಲ್ಡ್ ಮತ್ತು ಸಂಗಡಿಗರು, ಒಳಗೆ ಏನೂ ಇಲ್ಲದ ಟೊಳ್ಳು ಮಾದರಿಯನ್ನು ಕಚೇರಿಯ ಹಜಾರದಲ್ಲಿ ನಿಲ್ಲಿಸಿ ಹಾದುಹೋಗುವವರ ಮಾತು ಕೇಳಿದ್ದರು. ಆ ಧೈರ್ಯವನ್ನೇ ಆಧಾರವಾಗಿಟ್ಟುಕೊಂಡು ನಾಲ್ಕು ದಿನ ನಾನೇ ತಾರಸಿ ಹತ್ತಿ ಕೋಲಿನಿಂದ ನೀರು ಅಳೆದು ಫೋನಿನಲ್ಲಿ ಹೇಳುತ್ತಿದ್ದೆ, ಕೆಳಗೆ ನನ್ನ ತಮ್ಮ ರಟ್ಟಿನ ಪೆಟ್ಟಿಗೆಯ ಕಿಂಡಿಯಲ್ಲಿ ಚೀಟಿ ಬದಲಿಸುತ್ತಿದ್ದ. ಮೊದಲೆರಡು ದಿನ ಚೀಟಿಯಲ್ಲಿ ಶೇಕಡಾವಾರು ಅಂಕಿ ಇತ್ತು. ನೆಲಮಹಡಿಯಲ್ಲಿರುವ ಮನೆ ಮಾಲೀಕರ ತಾಯಿ ಅದನ್ನು ಸರಾಗವಾಗಿ ಓದಿ, “ನಲವತ್ತು ಅಂದ್ರೆ ನಾಳೆ ಬೆಳಗ್ಗೆವರೆಗೂ ಬರುತ್ತೇನಪ್ಪ?” ಎಂದು ಕೇಳಿದರು. ಅಂಕಿಯನ್ನು ಕೈಬಿಟ್ಟು, ಉಳಿದೆರಡು ದಿನ ಒಂದರ ಮೇಲೊಂದು ಇರುವ ಐದು ಬಿಳಿ ಚೌಕಗಳನ್ನು ಇಟ್ಟೆವು.

ಅಜ್ಜಿಯ ಜೊತೆಗಿನ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಬಳಸುವವರು ಮನಸ್ಸಿನಲ್ಲಿ ಬಂದುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬಳಸಲಿ ಎನ್ನುವುದು ಇಂಥ ಪರೀಕ್ಷೆಗಳ ಹಳೆಯ ಕ್ರಮ. ಅಜ್ಜಿಗೆ ಅದು ಒಗ್ಗಲಿಲ್ಲ. ಗೋಡೆಯ ಎದುರು ನಿಂತು ಒಬ್ಬರೇ ಮಾತಾಡಿಕೊಳ್ಳಲು ಅವರು ಸಂಕೋಚಪಟ್ಟರು. “ಹೇಗಿದೆ ಅಜ್ಜಿ?” ಎಂದು ಕೇಳಿದ್ದಕ್ಕೆ, “ಚೆನ್ನಾಗಿದೆ ಕಣಪ್ಪ, ಎಷ್ಟು ಕಷ್ಟಪಟ್ಟಿದ್ದೀಯ” ಎಂದರು. ಮನೆಯ ಹುಡುಗನೊಬ್ಬ ಮಾಡಿದ ವಸ್ತುವನ್ನು ಅವನ ಮುಖಕ್ಕೇ ಸರಿಯಿಲ್ಲ ಎನ್ನುವವರು ನಮ್ಮಲ್ಲಿ ಕಡಿಮೆ, ಆದ್ದರಿಂದ ಆ ಪ್ರಶ್ನೆಯನ್ನೇ ನನ್ನ ಪಟ್ಟಿಯಿಂದ ತೆಗೆದುಹಾಕಿದ್ದೇನೆ. ಅದರ ಬದಲು, ಇದನ್ನು ಹೇಗೆ ನೋಡಬೇಕೆಂದು ಮೊಮ್ಮಗಳಿಗೆ ಹೇಳಿಕೊಡಿ ಎಂದು ಕೇಳಿಕೊಂಡೆ. ಆಗ ಮಾತು ತಾನಾಗಿ ಬಂತು. ಚೌಕಗಳ ಸಾಲಿನ ತುದಿಯನ್ನು ಬೆರಳಿನಿಂದ ಮುಟ್ಟಿ, “ಇಲ್ಲಿ ಮೇಲಿಂದು ಟ್ಯಾಂಕು, ಕೆಳಗಿಂದು ಸಂಪು ಕಣೇ” ಎಂದು ಹೇಳಿಕೊಟ್ಟರು. ಆ ಸಾಲು ಪೂರ್ತಿ ಟ್ಯಾಂಕಿನದು. ಸಂಪಿಗೆ ಬಲಗಡೆ ಬೇರೆ ಸಾಲಿತ್ತು. ಮನೆಯಲ್ಲಿ ಟ್ಯಾಂಕ್ ಮೇಲೆ, ಸಂಪು ಕೆಳಗೆ ಇರುವಾಗ ಪೆಟ್ಟಿಗೆಯಲ್ಲಿ ಅವೆರಡನ್ನು ಅಕ್ಕಪಕ್ಕ ಇಟ್ಟಿದ್ದವನು ನಾನು.

ಐದನೆಯ ಮಾದರಿಯ ಮುಖದ ಮೇಲೆ ಒಂದು ಮನೆಯ ಗೆರೆಚಿತ್ರವಿದೆ. ಅದರ ತಾರಸಿಯ ಮೇಲೆ ಟ್ಯಾಂಕ್, ನೆಲದ ಗೆರೆಯ ಕೆಳಗೆ ಸಂಪು, ಎರಡರೊಳಗೂ ಐದೈದು ಬಿಳಿ ದೀಪಗಳು. ಬೇರೆ ಬಣ್ಣವೇ ಇಲ್ಲ. ಸೆನ್ಸರ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ನೀರು ತಾಗದಂತೆ ಮುಚ್ಚಿದ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಅಲೆ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವಂಥದ್ದು) ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ ನೀರನ್ನು ಅಳೆಯಲಾರದು, ಹಾಗಾಗಿ ಅದನ್ನು ಮುಚ್ಚಳದ ಮೇಲೆ ಎತ್ತರಿಸಿದ ಪೈಪಿನೊಳಗೆ ಕೂರಿಸಿದ್ದೇನೆ.

ಎಷ್ಟು ಜನರಿಂದ ಪರೀಕ್ಷೆ ಮಾಡಿಸಬೇಕೆಂದು ಗೆಳೆಯರು ಕೇಳುತ್ತಿದ್ದಾರೆ. ವಸ್ತುಗಳು ಬಳಸಲು ಎಷ್ಟು ಸುಲಭವೆಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ಮುಂದಿಟ್ಟ ಲೆಕ್ಕದಲ್ಲಿ ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಬೆಳಕಿಗೆ ಬಂದರೆ, ಐವರಿಂದ ಸುಮಾರು ಶೇ. 85ರಷ್ಟು ಬರುತ್ತವೆ. ಅದು ಕಂಪ್ಯೂಟರ್ ವ್ಯವಸ್ಥೆಗಳ ಪರೀಕ್ಷೆಯಿಂದ ಬಂದ ಅಂಕಿಯಾದ್ದರಿಂದ ಗೋಡೆಯ ಪೆಟ್ಟಿಗೆಗೆ ಹಾಗೆಯೇ ಹೊಂದಿಸಲಾರೆ. ಆದರೂ ಐವರನ್ನು ಒಂದೇ ಮಾದರಿಯ ಮುಂದೆ ನಿಲ್ಲಿಸುವುದಕ್ಕಿಂತ ಇಬ್ಬರಿಗೆ ತೋರಿಸಿ, ತಿದ್ದಿ, ಮತ್ತೆ ಬೇರೆ ಇಬ್ಬರಿಗೆ ತೋರಿಸುವುದೇ ಮೇಲೆಂಬುದು ಈವರೆಗಿನ ನನ್ನ ಅನುಭವ, ಏಕೆಂದರೆ ಕೆಂಪು ದೀಪದ ತೊಡಕು ಮುಂದೆ ನಿಂತಿರುವವರೆಗೆ ಸಾಲುಗಳ ತೊಡಕು ಕಾಣಿಸುವಂತೆಯೇ ಇರಲಿಲ್ಲ.

ವಾಚ್‌ಮನ್ ಕಳೆದ ವಾರ ಐದನೆಯ ಮಾದರಿಯನ್ನು ನೋಡಿ, ನನ್ನನ್ನು ಕರೆಯದೆ ಮೋಟರ್ ಹಾಕಿದರು. ತಾರಸಿಯ ಕೊನೆಯ ದೀಪ ಹತ್ತಿದಾಗ ತಾವೇ ನಿಲ್ಲಿಸಿದರು. ಕರೆಂಟ್ ಹೋದಾಗ ದೀಪಗಳೆಲ್ಲ ಆರುವುದನ್ನು ಜನ ಟ್ಯಾಂಕ್ ಖಾಲಿಯೆಂದು ಓದಿಕೊಳ್ಳುತ್ತಾರೆಯೇ ಎಂಬುದನ್ನು ಇನ್ನೂ ನೋಡಬೇಕಿದೆ. ಎರಡನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ದಂಪತಿ ಪೆಟ್ಟಿಗೆಯನ್ನು ಈವರೆಗೆ ನೋಡಿಲ್ಲ. ಗುರುವಾರ ಕಾವೇರಿ ನೀರು ಬಿಡುವ ಹೊತ್ತಿಗೆ ಒಪ್ಪಿದ್ದಾರೆ. ಅಂದು ಪೆಟ್ಟಿಗೆಯ ಪ್ಲಗ್ ತೆಗೆದಿಟ್ಟು ಮೆಟ್ಟಿಲ ಮೇಲೆ ಕೂರುತ್ತೇನೆ.