ಬಾಲ ಅದುರಿತು, ಸಿಗಡಿ ಒಳಗೆ

ಸಮುದ್ರದ ಜೀವಿಗಳನ್ನು ಬದುಕುವ ರೀತಿ ನೋಡಿ ಮೂರು ಗುಂಪು ಮಾಡುತ್ತಾರೆ. ನೀರು ಎಳೆದತ್ತ ಹೋಗುವ ಪ್ಲಾಂಕ್ಟನ್, ಪ್ರವಾಹಕ್ಕೆ ಎದುರಾಗಿ ಈಜಬಲ್ಲ ನೆಕ್ಟನ್, ತಳದಲ್ಲಿ ಬಾಳುವ ಬೆಂಥಾಸ್. ಕೇಳೋಕೆ ಸಲೀಸು. ಆದರೆ ಏಡಿ ಮರಿಯಾಗಿದ್ದಾಗ ಪ್ಲಾಂಕ್ಟನ್, ಬೆಳೆದ ಮೇಲೆ ಬೆಂಥಾಸ್! ಮೀಟರ್ ಅಗಲದ ಜೆಲ್ಲಿ ಮೀನೂ ಪ್ಲಾಂಕ್ಟನ್ನೇ.

ನೆಂಟಸ್ತಿಕೆ ನೋಡಿ ಗುಂಪು ಮಾಡುವಾಗಲೂ ಎಡವಿದ್ದುಂಟು. ಬಂಡೆಗೆ ಅಂಟಿಕೊಳ್ಳುವ ಬಾರ್ನಕಲ್ಲನ್ನು ಚಿಪ್ಪು ನೋಡಿ ಬಸವನಹುಳುವಿನ ಬಳಗಕ್ಕೆ ಸೇರಿಸಿದ್ದರು. 1830ರಲ್ಲಿ ಜೀವಿವಿಜ್ಞಾನಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳನ್ನು ಗಮನಿಸಿ, ಇದು ಏಡಿ, ಸಿಗಡಿಗಳ ಕಡೆಯದು ಅಂತ ತೋರಿಸಿದರು.

ನನಗೇನೋ ಯಾರು ಯಾವ ಗುಂಪು ಅನ್ನೋದಕ್ಕಿಂತ ಯಾರು ಯಾರ ಜೊತೆ ಅನ್ನೋದೇ ಜಾಸ್ತಿ ಇಷ್ಟ. ಕೆಲವು ಗೋಬಿ ಮೀನುಗಳು ಪಿಸ್ತೂಲ್ ಸಿಗಡಿಯ ಬಿಲದಲ್ಲೇ ವಾಸ. ಒಂದಕ್ಕೆ ಬೆನ್ನೆಲುಬಿದೆ, ಇನ್ನೊಂದಕ್ಕಿಲ್ಲ, ನೆಂಟಸ್ತಿಕೆ ಅಂತೂ ಬಲು ದೂರದ್ದು. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಅದು ಮರಳು ತಳ್ಳುತ್ತಾ ಬಿಲ ಸರಿಮಾಡುತ್ತಿರುತ್ತದೆ, ಬಾಗಿಲಲ್ಲಿ ಗೋಬಿಯ ಕಾವಲು. ಹೊರಗೆ ಬಂದಾಗ ಸಿಗಡಿಯ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಗೋಬಿ ಬಾಲ ಅದುರಿಸಿದರೆ ಸಾಕು, ಸಿಗಡಿ ಒಳಗೆ. ಅಪಾಯ ತೀರಾ ಹತ್ತಿರ ಬಂದರೆ ಕಾವಲುಗಾರನೂ ತಲೆ ಮುಂದಾಗಿ ಅದೇ ಬಿಲಕ್ಕೆ ನುಗ್ಗುತ್ತಾನೆ.