ಕಾಲಾಣೆ ಡಬ್ಬಿ: ಅಚ್ಚಿನ ದೋಷವೋ, ಆಮೇಲೆ ಬಿದ್ದ ಪೆಟ್ಟೋ?

ನನ್ನ ಹಳೆಯ ನಾಣ್ಯಗಳ ಡಬ್ಬಿಯಲ್ಲಿ ಐದನೇ ಜಾರ್ಜ್ ಕಾಲದ ಕಾಲಾಣೆಗಳನ್ನು (ಕಾಲು ಆಣೆಯ ನಾಣ್ಯಗಳನ್ನು) ನೋಡಿ ಮುಗಿಯಿತು. ವಿಕ್ಟೋರಿಯಾ ರಾಣಿಯವು ಅರ್ಧಕ್ಕೆ ಬಂದಿವೆ. ಮೈಸೂರು ಕಾಸುಗಳ ಡಬ್ಬಿಯನ್ನೂ ಈ ವಾರ ತೆರೆದೆ.

ಈ ಸುತ್ತಿನಲ್ಲಿ ಇಸವಿ ನೋಡಿ ವಿಂಗಡಿಸುವುದು ಆಮೇಲೆ. ಮೊದಲು ನೋಡುವುದು ಒಂದೇ: ವಿಚಿತ್ರವಾಗಿ ಕಾಣುವ ಗುರುತು ಉಬ್ಬಿದೆಯೋ, ತಗ್ಗಾಗಿದೆಯೋ? ನಾಣ್ಯದ ಚಿತ್ರ ಮೂಡಿಸುವ ಅಚ್ಚು ಬಿರುಕು ಬಿಟ್ಟಿದ್ದರೆ ಒತ್ತುವಾಗ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ಅಚ್ಚಿನ ಅಂಚೇ ಚೂರು ಮುರಿದಿದ್ದರೆ ಅಲ್ಲಿ ಒಂದು ಲೋಹದ ಗಡ್ಡೆ ನಿಲ್ಲುತ್ತದೆ. ಸಂಗ್ರಹಕಾರರು ಅದನ್ನು 'ಕಡ್' ಅನ್ನುತ್ತಾರೆ. ಚಲಾವಣೆಯಲ್ಲಿ ಬಿದ್ದ ಗೀರು ಮಾತ್ರ ತಗ್ಗಾಗಿಯೇ ಇರುತ್ತದೆ.

ಈ ವಾರ ನನಗೆ ತುಂಬಾ ಖುಷಿ ಕೊಟ್ಟದ್ದು 1862ರ ಒಂದು ಕಾಲಾಣೆ. ಬಲಗಡೆ ಅಂಚಿನಿಂದ ಹೊರಟ ಸಣ್ಣ ಗೆರೆ 'ಕ್ವೀನ್' ಪದದ ನಡುವಿನ ಅಕ್ಷರ ಹಾದು ರಾಣಿಯ ತಲೆಯ ಹಿಂಭಾಗ ಮುಟ್ಟುತ್ತದೆ. ನೇರ ಬೆಳಕಲ್ಲಿ ಏನೂ ಕಾಣುವುದಿಲ್ಲ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಬಗ್ಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದರೆ ಗೆರೆಗೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ನೆರಳು. ಅಂದರೆ ಉಬ್ಬಿದೆ. ಅಕ್ಷರದ ನೆತ್ತಿ ಸವೆದಷ್ಟೇ ಗೆರೆಯ ನೆತ್ತಿಯೂ ಸವೆದಿದೆ. ಬಣ್ಣವೂ ಎರಡಕ್ಕೂ ಒಂದೇ.

ಇನ್ನೂ ಚೆನ್ನಾದ ಸಂಗತಿ ಏನೆಂದರೆ, ಅದೇ ಜಾಗದಲ್ಲಿ ಅದೇ ವಾರೆಯ ಗೆರೆ ಇರುವ ಇನ್ನೊಂದು ನಾಣ್ಯವೂ ಸಿಕ್ಕಿತು. ಇದರಲ್ಲಿ ಗೆರೆ ತಲೆ ದಾಟಿ ಕಿರೀಟದೊಳಗೆ ಹೋಗಿದೆ. ಎರಡೂ ಒಂದೇ ಅಚ್ಚಿನವು. ಎರಡನೆಯದನ್ನು ಬಿರುಕು ಬೆಳೆದ ಮೇಲೆ ಒತ್ತಿದ್ದಾರೆ. ಅಚ್ಚಿನ ದೋಷಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಎರಡು ಬೇರೆ ಬೇರೆ ನಾಣ್ಯಗಳ ಮೇಲೆ ಒಂದೇ ಥರ ಗೀರು ಬೀಳುವುದಿಲ್ಲ ಅಲ್ವಾ?

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಒಬ್ಬರು 'ಬ್ರೋಕೇಜ್' ಎಂದು ಒಂದು ಕಾಲಾಣೆ ತೋರಿಸಿದರು. "ಇಂಥದ್ದು ಇನ್ನೊಂದು ಸಿಗಲ್ಲ ಸಾರ್, ನೋಡಿ, ಅಕ್ಷರ ಎಲ್ಲಾ ಉಲ್ಟಾ" ಅಂದರು. ಅಕ್ಷರ ಉಲ್ಟಾ ಇದ್ದದ್ದು ನಿಜ, ತಗ್ಗಾಗಿಯೂ ಇದ್ದವು. ಆದರೆ ಅವುಗಳ ಕೆಳಗೆ ಆ ಮುಖದ್ದೇ ಚಿತ್ರ ಚಪ್ಪಟೆಯಾಗಿ ಕಾಣುತ್ತಿತ್ತು. ನಿಜವಾದ ಬ್ರೋಕೇಜ್ ಆಗುವುದು ಹೀಗೆ: ಒತ್ತಿದ ನಾಣ್ಯ ಒಂದು ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ, ಮುಂದಿನ ಖಾಲಿ ಬಿಲ್ಲೆಗೆ (ಇನ್ನೂ ಚಿತ್ರ ಒತ್ತದ ಲೋಹದ ತುಂಡಿಗೆ) ಅದೇ ಅಚ್ಚಾಗುತ್ತದೆ. ಆಗ ಆ ಮುಖದಲ್ಲಿ ಇನ್ನೊಂದು ಮುಖದ್ದೇ ಉಲ್ಟಾ ಚಿತ್ರ ಇರುತ್ತದೆ. ಅಂಟಿಕೊಂಡ ನಾಣ್ಯ ಆ ಅಚ್ಚನ್ನು ಪೂರ್ತಿ ಮುಚ್ಚಿರುವಾಗ ಅಡಿಯಲ್ಲಿ ಮೂಲ ಚಿತ್ರ ಬರುವುದಕ್ಕೆ ದಾರಿಯೇ ಇಲ್ಲ. ಸಂತೆಯದ್ದು ಎರಡು ನಾಣ್ಯಗಳನ್ನು ವೈಸ್‌ನಲ್ಲಿಟ್ಟು ಬಿಗಿದು ಮಾಡಿದ್ದು. ನಾನು ವಾಪಸ್ ಕೊಟ್ಟು ಬಂದೆ.

ಅಂಚು ಕಚ್ಚಿದಂತಿರುವ ನಾಣ್ಯಗಳಿಗೆ ಬೇರೆ ಪರೀಕ್ಷೆ. ತಗಡಿನ ಪಟ್ಟಿಯಲ್ಲಿ ಮೊದಲೇ ಬಿಲ್ಲೆ ಕತ್ತರಿಸಿದ ತೂತಿನ ಮೇಲೆ ಪಂಚ್ ಮತ್ತೆ ಬಿದ್ದರೆ ಬಿಲ್ಲೆಗೆ ಕಮಾನಿನಾಕಾರದ ಕೊರೆ ಬರುತ್ತದೆ. ಆಗ ಆ ಕೊರೆಗೆ ಸರಿಯಾಗಿ ಎದುರಿನ ಅಂಚು ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಅರದಿಂದ ಉಜ್ಜಿದ್ದಾದರೆ ಎದುರಿನ ಅಂಚು ತುಂಬಿಕೊಂಡೇ ಇರುತ್ತದೆ, ಕೊರೆಯಲ್ಲಿ ಅರದ ಗೆರೆಗಳೂ ಕಾಣುತ್ತವೆ.

ತೂಕವನ್ನೂ ಬರೆದಿಡುತ್ತಿದ್ದೇನೆ. ತಾಮ್ರದ ಕಾಲಾಣೆ ಸುಮಾರು 6.48 ಗ್ರಾಂ. 1906ರಲ್ಲಿ ಕಂಚು ಬಂದ ಮೇಲೆ ಸುಮಾರು 4.86 ಗ್ರಾಂ. ಎಸ್.ಪಿ. ರಸ್ತೆಯಲ್ಲಿ ಕೊಂಡ ಪುಟ್ಟ ತಕ್ಕಡಿ ಇದಕ್ಕೆ ಧಾರಾಳ ಸಾಕು. ತೂಕ ತೀರಾ ಕಡಿಮೆ ಇದ್ದು, ಅಕ್ಷರ, ಅಂಚು, ಚಿತ್ರವಿಲ್ಲದ ಬಯಲು ಎಲ್ಲಾ ಒಂದೇ ಸಮ ಮಸುಕಾಗಿದ್ದರೆ ಅದು ಆಸಿಡ್ ಕೆಲಸ, ತೆಳು ಬಿಲ್ಲೆ ಅಲ್ಲ.

ಮೈಸೂರು ಕಾಸುಗಳಲ್ಲಿ ದೋಷ ಗುರುತಿಸುವ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಟಂಕಸಾಲೆ 1833ರಲ್ಲಿ ನಮ್ಮ ಬೆಂಗಳೂರಿಗೇ ಬಂದು 1843ರವರೆಗೆ ನಡೆಯಿತು. ಒಂದೇ ಕಾಸಿನ ಮೇಲೆ 'ಮಯಿಲಿ ಕಾಸು' ಎಂಬ ಕನ್ನಡ, ಇಂಗ್ಲಿಷಿನ 'ಕ್ಯಾಶ್', ಜೊತೆಗೆ ಪರ್ಷಿಯನ್ ಅಕ್ಷರ ನೋಡುವುದೇ ಒಂದು ಸಂತೋಷ. ಆದರೆ ಇವೆಲ್ಲ ಕೈಯಿಂದ ಹೊಡೆದವು. ಚಿತ್ರ ಪಕ್ಕಕ್ಕೆ ಸರಿದಿರುವುದು, ಅಂಚು ಸೀಳಿರುವುದು, ಅರ್ಧ ಅಕ್ಷರ ಬಿಲ್ಲೆಯಿಂದ ಹೊರಗೆ ಹೋಗಿರುವುದು ಮಾಮೂಲು. ಟಿಪ್ಪುವಿನ ಆನೆ ಪೈಸೆಗಳೂ ಹಾಗೇ. ಅಂಥವನ್ನು 'ಎರರ್' ಅಂತ ಜಾಸ್ತಿ ಬೆಲೆಗೆ ಮಾರುವುದು ಸರಿಯಲ್ಲ. ಇವುಗಳಲ್ಲಿ ನಾನು ಹುಡುಕುತ್ತಿರುವುದು ಬಿರುಕಿನ ಗೆರೆ, ಎರಡು ಸಲ ಹೊಡೆದ ಗುರುತು ಅಷ್ಟೇ.

ಮನೆಬಳಕೆಯ ಪೆಟ್ಟುಗಳಿಗೆ ಬೇರೆ ಕವರ್ ಇಟ್ಟಿದ್ದೇನೆ. ಹುಣಸೆಹಣ್ಣು ಹಾಕಿ ಉಜ್ಜಿದ್ದು, ಕುಂಕುಮ ಕೂತದ್ದು, ಮಗುವಿನ ಉಡಿದಾರಕ್ಕೆ ಪೋಣಿಸಲು ಮೊಳೆಯಿಂದ ತೂತು ಮಾಡಿದ್ದು. ಮೊಳೆಯ ತೂತಾದರೆ ಹಿಂಬದಿಯಲ್ಲಿ ಲೋಹ ಚೂಪಾಗಿ ಎದ್ದಿರುತ್ತದೆ, ಬೆರಳಿಗೆ ತಗಲುತ್ತದೆ. 1943ರಿಂದ ಬಂದ ತೂತಿನ ಪೈಸೆಯಲ್ಲಿ ಹಾಗಿಲ್ಲ, ತೂತಿನ ಸುತ್ತ ಟಂಕಸಾಲೆಯದ್ದೇ ನುಣುಪಾದ ಅಂಚು ಇರುತ್ತದೆ. ದುಡ್ಡಿನ ಲೆಕ್ಕದಲ್ಲಿ ಈ ಕವರಿಗೆ ಬೆಲೆ ಇಲ್ಲ. ನನಗೆ ಮಾತ್ರ ಇವು ಬೇಕು, ಮಾರುವುದಿಲ್ಲ.

ಮುಂದಿನ ಕೆಲಸ: ಉಳಿದ ವಿಕ್ಟೋರಿಯಾಗಳ ತೂಕ ಹಾಕಬೇಕು. 1862ರ ಅದೇ ಅಚ್ಚಿನಲ್ಲಿ ಬಿರುಕು ಇನ್ನೂ ಶುರುವಾಗದ ನಾಣ್ಯ ಇದೆಯೇ ನೋಡಬೇಕು. ಗೆರೆ ಇಲ್ಲದಿದ್ದರೆ ಅಚ್ಚನ್ನು ಗುರುತಿಸುವುದು ಕಷ್ಟ. ಅದಕ್ಕೇ ಆ ಎರಡೂ ನಾಣ್ಯಗಳ ಅಕ್ಷರಗಳ ನಡುವಿನ ಅಂತರವನ್ನು ಫೋಟೋ ತೆಗೆದು ಅಳೆದಿಟ್ಟುಕೊಂಡಿದ್ದೇನೆ.