ವೈಸರ್ ಎಷ್ಟೆತ್ತರ ಇರಬೇಕು: ಬೆಂಗಳೂರು–ಹುಬ್ಬಳ್ಳಿ ದಾರಿಯಲ್ಲಿ ಕಲಿತದ್ದು

ಶಿರಾ ದಾಟುವ ಹೊತ್ತಿಗೆ ನನಗೆ ತಲೆನೋವು ಶುರುವಾಗಿತ್ತು. ಬೆಳಿಗ್ಗೆ ಐದಕ್ಕೆ ಗೊರಗುಂಟೆಪಾಳ್ಯ ಬಿಟ್ಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟಿದ್ದೆವು. ರಾತ್ರಿ ಚೆನ್ನಾಗಿ ನಿದ್ದೆಯಾಗಿತ್ತು, ನೀರು ಕುಡಿಯುತ್ತಲೇ ಇದ್ದೆ, ಬಿಸಿಲೂ ಇರಲಿಲ್ಲ. ಹೊಸದಾಗಿದ್ದದ್ದು ಒಂದೇ, ಹಿಂದಿನ ವಾರ ಬೈಕಿಗೆ ಹಾಕಿಸಿದ್ದ ಎತ್ತರದ ವೈಸರ್, ಅಂದರೆ ಗಾಳಿ ತಡೆಯಲು ಹೆಡ್‌ಲೈಟಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಹಲಗೆ. ವಿಂಡ್‌ಶೀಲ್ಡ್ ಅನ್ನಿ, ವೈಸರ್ ಅನ್ನಿ, ಅಂಗಡಿಯಲ್ಲಿ ಎರಡೂ ನಡೆಯುತ್ತದೆ. ವೇಗ ಎಂಬತ್ತು ದಾಟಿದರೆ ಸಾಕು, ಹೆಲ್ಮೆಟ್ ಗಡಗಡ ನಡುಗುತ್ತಿತ್ತು. ರಸ್ತೆಯ ಬಿಳಿ ಗೆರೆ ಎರಡೆರಡಾಗಿ ಕಾಣುತ್ತಿತ್ತು.

ಜೊತೆಗೆ 125 ಸಿಸಿ ಸ್ಕೂಟರಿನಲ್ಲಿ ಬರುತ್ತಿದ್ದ ನಮ್ಮ ಭಾವ ಚಹಾಕ್ಕೆ ನಿಲ್ಲಿಸಿದಾಗ ಮೊದಲು ಕೇಳಿದ್ದೇ ಅದನ್ನು. "ನಿನ್ನ ತಲಿ ಹಂಗ್ಯಾಕ ಅಳ್ಳಾಡಾಕತ್ತೈತಿ? ಹಿಂದಿನಿಂದ ನೋಡಿದ್ರ ಹೆದರಿಕಿ ಬರ್ತೈತಿ."

"ಈ ವೈಸರ್‌ನಿಂದಲೇ ಇರಬೇಕು ಭಾವ. ಇದಿಲ್ಲದಾಗ ಎದೆಗೆ ಗಾಳಿ ಬಡಿಯುತ್ತಿತ್ತೇ ಹೊರತು ತಲೆ ಅಲ್ಲಾಡುತ್ತಿರಲಿಲ್ಲ," ಎಂದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 410 ಕಿ.ಮೀ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ ದಾಟಿ ಹೋಗಬೇಕು. ರಸ್ತೆ ಅಗಲ, ತಿರುವು ಕಡಿಮೆ, ದ್ವಿಚಕ್ರಕ್ಕೆ ಟೋಲ್ ಇಲ್ಲ, ಟೋಲ್ ಗೇಟಿನ ಎಡಬದಿಯ ಸಣ್ಣ ದಾರಿಯಲ್ಲಿ ನಿಧಾನಕ್ಕೆ ದಾಟಿಕೊಂಡರಾಯಿತು. ಹಾಗಾಗಿ ಇಲ್ಲಿ ಸವಾರನನ್ನು ದಣಿಸುವುದು ರಸ್ತೆಯಲ್ಲ, ಗಾಳಿ. ಅದರಲ್ಲೂ ನಾವು ಹೋದದ್ದು ಆಷಾಢದಲ್ಲಿ. ಹಿರಿಯೂರಿನಿಂದ ದಾವಣಗೆರೆಯ ತನಕ ರಸ್ತೆ ವಾಯವ್ಯಕ್ಕೆ ಮುಖ ಮಾಡಿರುತ್ತದೆ. ಮುಂಗಾರಿನ ಗಾಳಿ ಪಡುವಣ–ನೈಋತ್ಯದಿಂದ, ಅಂದರೆ ಎಡ ಮುಂಬದಿಯಿಂದ, ಬಂದು ಬಡಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದೇ ಅಲ್ಲಿ ಅಷ್ಟು ಗಾಳಿ ಇದೆ ಎಂಬ ಕಾರಣಕ್ಕೆ.

ಇಲ್ಲೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಹೋಗುವವರು 90ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು, ಎದೆಗೆ ಬೀಳುವ ಒತ್ತಡ ಎರಡೂಕಾಲು ಪಟ್ಟು. ಇನ್ನು ಎದುರಿನಿಂದ 30 ಕಿ.ಮೀ. ವೇಗದ ಗಾಳಿ ಇದ್ದರೆ, ಸ್ಪೀಡೋಮೀಟರ್ 80 ತೋರಿಸಿದರೂ ನಿಮ್ಮ ಹೆಲ್ಮೆಟ್ಟಿಗೆ ತಾಗುವುದು 110ರ ಗಾಳಿ. ಊರೊಳಗೆ ಓಡಿಸಿ "ವೈಸರ್ ಚೆನ್ನಾಗಿದೆ" ಎಂದುಕೊಂಡು ಹೊರಟರೆ ಆಗುವ ತಪ್ಪು ಇದೇ. ನಾನೂ ಹೊಸ ವೈಸರ್ ಹಾಕಿಸಿಕೊಂಡು ಓಡಿಸಿ ನೋಡಿದ್ದು ಜೆ.ಸಿ. ರಸ್ತೆಯಿಂದ ಮನೆಯ ತನಕ ಮಾತ್ರ. ಅಂಗಡಿಯವರು ಎತ್ತರ ಇದ್ದಷ್ಟೂ ಆರಾಮ ಎಂದಿದ್ದರು, ನಾನೂ ನಂಬಿದ್ದೆ.

ಚಿತ್ರದುರ್ಗದ ಹತ್ತಿರ, ಗುಡ್ಡದ ಗಾಳಿಯಂತ್ರಗಳು ಕಾಣುವ ಜಾಗದಲ್ಲಿ ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿದೆವು. ನಾನು ಬೈಕಿನ ಮೇಲೆ ಎಂದಿನಂತೆ ಕೂತು, ಹೆಲ್ಮೆಟ್ ಹಾಕಿಕೊಂಡು ನೇರ ನೋಡಿದೆ. ವೈಸರಿನ ಮೇಲಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಅರ್ಧ ರಸ್ತೆ ಪ್ಲಾಸ್ಟಿಕ್ಕಿನ ಒಳಗಿಂದ, ಅರ್ಧ ಹೊರಗಿಂದ ಕಾಣುತ್ತಿತ್ತು. ಇದು ಎಲ್ಲಕ್ಕಿಂತ ಕೆಟ್ಟ ಎತ್ತರ. ಆ ಅಂಚು ನೋಟವನ್ನು ಕತ್ತರಿಸುತ್ತಲೇ ಇರುತ್ತದೆ, ತಲೆಯನ್ನು ಒಮ್ಮೆ ಎತ್ತಿ ಒಮ್ಮೆ ತಗ್ಗಿಸಿ ಕುತ್ತಿಗೆ ಸೋಲುತ್ತದೆ.

ತಲೆ ನಡುಗುವುದಕ್ಕೆ ಕಾರಣವೂ ಆ ಅಂಚಿನಲ್ಲೇ ಇದೆ. ಗಾಳಿ ವೈಸರಿನ ಮೇಲೇರಿ ಅಂಚನ್ನು ಬಿಟ್ಟು ಹಿಂದಕ್ಕೆ ಹಾರುತ್ತದೆ. ಮೇಲೆ ರಭಸದ ಗಾಳಿ, ಕೆಳಗೆ ವೈಸರಿನ ಮರೆಯಲ್ಲಿ ಹೆಚ್ಚುಕಡಿಮೆ ನಿಂತ ಗಾಳಿ. ಇವೆರಡೂ ಉಜ್ಜುವ ಜಾಗದಲ್ಲಿ ಸುಳಿಗಳೇಳುತ್ತವೆ, ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವ ಹಾಗೆ. ಆ ಸುಳಿ ನಿಮ್ಮ ಹೆಲ್ಮೆಟ್ಟಿನ ನೆತ್ತಿಗೆ ಬಡಿಯುತ್ತಿದ್ದರೆ ತಲೆ ನಡುಗುತ್ತದೆ, ಕಿವಿಯಲ್ಲಿ ತಮಟೆ ಬಾರಿಸಿದಂತೆ ಸದ್ದಾಗುತ್ತದೆ. ಸುಳಿ ಪೂರ್ತಿ ತಲೆಯ ಮೇಲೆ ಹಾದುಹೋದರೆ ನಿಶ್ಶಬ್ದ. ಹೆಗಲ ಮಟ್ಟದಲ್ಲಿ ಹಾದುಹೋದರೆ ಹೆಲ್ಮೆಟ್ಟಿಗೆ ಶುದ್ಧ ಗಾಳಿ ಬೀಳುತ್ತದೆ, ಸುಯ್ ಎಂಬ ಒಂದೇ ಸಮನೆಯ ಸದ್ದು ಇರುತ್ತದೆ, ನಡುಕ ಇರುವುದಿಲ್ಲ. ತೊಂದರೆ ಕೊಡುವುದು ನಡುವಿನ ಎತ್ತರ.

ಆಗ ಹೊಳೆದ ಒಂದು ಉಪಾಯವನ್ನು ಈ ದಾರಿ ಹಿಡಿಯುವ ಪ್ರತಿಯೊಬ್ಬರಿಗೂ ಹೇಳಬೇಕೆನಿಸುತ್ತದೆ. ದಾರಿಯಲ್ಲಿ ವೈಸರನ್ನು ತಗ್ಗಿಸಲು ಆಗದಿರಬಹುದು, ಕೂತವರನ್ನು ಎತ್ತರಿಸಬಹುದಲ್ಲ? ಬ್ಯಾಗಿನಿಂದ ದಪ್ಪ ಟರ್ಕಿ ಟವಲ್ ತೆಗೆದು ಮಡಚಿ ಸೀಟಿನ ಮೇಲೆ ಹಾಕಿ, ಜಾರದಂತೆ ಬಂಜಿ ಹಗ್ಗದಿಂದ ಬಿಗಿದೆ. ಒಂದು ಮಡಿಕೆಗೆ ಸುಮಾರು ಎರಡು ಸೆಂ.ಮೀ. ಅಷ್ಟರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ, ಸದ್ದು ಒಂದಿಷ್ಟು ಜಾಸ್ತಿಯೇ ಆಯಿತು. ಇನ್ನೊಂದು ಮಡಿಕೆ ಹಾಕಿ, ನಾಲ್ಕು ಸೆಂ.ಮೀ. ಎತ್ತರಿಸಿಕೊಂಡು ಮತ್ತೆ ಐದು ಕಿ.ಮೀ. ಓಡಿಸಿದೆ. ಎಂಬತ್ತು ದಾಟಿದರೂ ಹೆಲ್ಮೆಟ್ ನಡುಗಲಿಲ್ಲ. ಗಾಳಿ ಮುಖದ ಮೇಲ್ಭಾಗಕ್ಕೆ ತಾಗುತ್ತಿತ್ತು, ಎದೆ ಮಾತ್ರ ಮರೆಯಲ್ಲಿತ್ತು, ಬಿಳಿ ಗೆರೆ ಒಂದೇ ಆಗಿ ಕಂಡಿತು. ತಲೆ ನಾಲ್ಕು ಸೆಂ.ಮೀ. ಮೇಲೆ ಹೋದದ್ದು ವೈಸರ್ ನಾಲ್ಕು ಸೆಂ.ಮೀ. ಕೆಳಗೆ ಬಂದದ್ದಕ್ಕೆ ಸಮ. ಎಷ್ಟು ಕತ್ತರಿಸಬೇಕು ಎಂಬ ಅಳತೆ ಆ ಟವಲಿನಿಂದಲೇ ಸಿಕ್ಕಿತು.

ಉಲ್ಟಾ ಪರೀಕ್ಷೆಯೂ ಬೇಕು. ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ವಾಹನ ಇಲ್ಲದಾಗ, ಬೆನ್ನನ್ನು ಸ್ವಲ್ಪ ಬಗ್ಗಿಸಿ ತಲೆ ತಗ್ಗಿಸಿ ನೋಡಿ. ಹಾಗೆ ಮಾಡಿದಾಗ ಮಾತ್ರ ನಿಶ್ಶಬ್ದವಾದರೆ ನಿಮಗೆ ಇನ್ನೂ ಎತ್ತರದ ವೈಸರ್ ಹೊಂದಬಹುದು. ಆದರೆ ಎತ್ತರಿಸಿದ ಮೇಲೂ ಅಂಚಿನ ಮೇಲಿಂದಲೇ ರಸ್ತೆ ಕಾಣಬೇಕು. ಕಾಣದಿದ್ದರೆ ಆ ದಾರಿ ಬಿಡಿ, ತಗ್ಗಿಸುವುದೇ ಸರಿ.

ಭಾವನ ಕಥೆ ಬೇರೆ. ಸ್ಕೂಟರಿನ ಜೊತೆಗೆ ಬಂದಿದ್ದ ಗಿಡ್ಡ ವೈಸರ್ ಸಾಲದೆಂದು ಅವರು ಕನ್ನಡಿಯ ಕಡ್ಡಿಗೆ ಕಚ್ಚಿಸುವ ಎರಡಡಿ ಎತ್ತರದ ಒಂದು ಶೀಲ್ಡ್ ಹಾಕಿಸಿದ್ದರು. ಅವರು ಐದಡಿ ಮೂರಿಂಚು. ಅದರ ಒಳಗೆ ಕೂತರೆ ಗಾಳಿಯೇ ಇಲ್ಲ, ಸದ್ದೂ ಇಲ್ಲ. ತುಮಕೂರಿನ ತನಕ ಬಹಳ ಖುಷಿಯಲ್ಲಿದ್ದರು. ಹಿರಿಯೂರು ದಾಟಿ ಅಡ್ಡಗಾಳಿ ಶುರುವಾದ ಮೇಲೆ ಅವರ ಕೈ ನೋಯತೊಡಗಿತು. ಕಾರಣ ಸರಳ: ಹ್ಯಾಂಡಲ್‌ಬಾರಿಗೆ ಕಟ್ಟಿದ ಶೀಲ್ಡ್ ಹಾಯಿಪಟದಂತೆ ಗಾಳಿ ಹಿಡಿಯುತ್ತದೆ, ಆ ಹೊಡೆತ ನೇರ ಹ್ಯಾಂಡಲ್ಲಿಗೆ ಹೋಗಿ ಅದನ್ನು ತಿರುಗಿಸಲು ನೋಡುತ್ತದೆ. ಹೆಡ್‌ಲೈಟಿನ ಹಿಂದೆ ಗಾಡಿಯ ಚೌಕಟ್ಟಿಗೆ ಕೂರಿಸಿದ್ದಾದರೆ ಹೊಡೆತ ಇಡೀ ಗಾಡಿಗೆ ಹಂಚಿಹೋಗುತ್ತದೆ. ಸ್ಕೂಟರಿನ ಚಕ್ರ ಸಣ್ಣದು, ತೂಕ ಕಡಿಮೆ. ಲಾರಿಯ ಬಲಗಡೆಯಿಂದ ಮುಂದೆ ಹೋಗುವಾಗ ಇನ್ನೂ ಕಷ್ಟ. ಲಾರಿಯ ಮರೆಯಲ್ಲಿರುವಷ್ಟು ಹೊತ್ತು ಗಾಳಿ ಸತ್ತಂತಿರುತ್ತದೆ, ಅದರ ಮೂತಿ ದಾಟಿದ ಕ್ಷಣ ಎಡದಿಂದ ಒಮ್ಮೆಲೇ ಬಡಿಯುತ್ತದೆ. ಅವರು ಐವತ್ತಕ್ಕೆ ಇಳಿಸಿಕೊಂಡು ಎಡ ಲೇನ್ ಹಿಡಿದರು. ಕೊನೆಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ನಿಂತಾಗ ಆ ಶೀಲ್ಡನ್ನೇ ಬಿಚ್ಚಿ ನನ್ನ ಬ್ಯಾಗಿನ ಮೇಲೆ ಕಟ್ಟಿಸಿದರು. ಸ್ಕೂಟರಿನವರಿಗೆ ನನ್ನ ಸಲಹೆ ಇಷ್ಟು: ಬೇಸಿಗೆಯಲ್ಲೋ ಊರಿನ ಸುತ್ತಮುತ್ತವೋ ಎತ್ತರದ್ದು ನಡೆದೀತು, ಮುಂಗಾರಿನ ಗಾಳಿಯಲ್ಲಿ ಈ ಹೆದ್ದಾರಿಗೆ ಹ್ಯಾಂಡಲ್ಲಿಗೆ ಕಟ್ಟುವ ದೊಡ್ಡ ಶೀಲ್ಡ್ ಬೇಡವೇ ಬೇಡ. ಎದೆಯ ಮಟ್ಟಕ್ಕೆ ಗಾಳಿ ತಡೆಯುವ ಗಿಡ್ಡ ವೈಸರ್, ಮೇಲೊಂದು ಗಾಳಿ ಹೋಗದ ಜಾಕೆಟ್, ಎಪ್ಪತ್ತರೊಳಗಿನ ವೇಗ, ಇಷ್ಟಿದ್ದರೆ ಸಾಕು.

ಹುಬ್ಬಳ್ಳಿಯಲ್ಲಿ ಮರುದಿನ ಭಾವ ನನ್ನನ್ನು ಒಂದು ನಾಮಫಲಕದ ಅಂಗಡಿಗೆ ಕರೆದೊಯ್ದರು. ಅಕ್ರಿಲಿಕ್ ಅಕ್ಷರ ಕೊಯ್ದು ಬೋರ್ಡ್ ಮಾಡುವವರು. ಬೈಕಿನಂಗಡಿಗಿಂತ ಇಂಥ ಕೆಲಸ ಇವರ ಕೈಯಲ್ಲಿ ಚೆಂದ ಎಂದು ನನಗೆ ಅಲ್ಲಿ ಗೊತ್ತಾಯಿತು. ಮಾಲೀಕರು ವೈಸರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿದರು. ಪಾಲಿಕಾರ್ಬೊನೇಟ್, ಬಗ್ಗುತ್ತದೆ, ಒಡೆಯುವುದಿಲ್ಲ. ಅಕ್ರಿಲಿಕ್ ಆಗಿದ್ದರೆ ಗೀರು ಬೀಳುವುದು ಕಡಿಮೆ, ಆದರೆ ಕೊಯ್ಯುವಾಗ ಸೀಳುವ ಭಯ ಜಾಸ್ತಿ. ನಾನು ನಾಲ್ಕು ಸೆಂ.ಮೀ. ಕೊಯ್ದುಬಿಡಿ ಎಂದೆ.

"ಒಮ್ಮೆಲೆ ನಾಕು ಬ್ಯಾಡ್ರಿ ಸರ. ಎರಡು ಕೊಯ್ಯೂಣು, ಓಡಿಸಿ ನೋಡಿ ಬರ್ರಿ. ಕಡಿಮಿ ಮಾಡಾಕ ಬರ್ತೈತಿ, ಹೆಚ್ಚ ಮಾಡಾಕ ಬರೂದಿಲ್ಲ."

ಅವರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಹಳೆಯ ಪೇಪರಿನ ಹಾಳೆಯೊಂದನ್ನು ನಡುವೆ ಮಡಚಿ, ಮಡಿಕೆಯ ಒಂದು ಕಡೆ ಮಾತ್ರ ಬಾಗುಗೆರೆ ಎಳೆದು ಕತ್ತರಿಯಲ್ಲಿ ಕತ್ತರಿಸಿದರು. ಬಿಚ್ಚಿದರೆ ಎಡ ಬಲ ಒಂದೇ ಸಮ. ವೈಸರಿನ ಎರಡೂ ಬದಿಗೆ ಅಗಲವಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ, ಆ ಕಾಗದವನ್ನು ಮೇಲಿಟ್ಟು ಪೆನ್ನಿನಲ್ಲಿ ಗುರುತು ಹಾಕಿದರು. ಜಿಗ್‌ಸಾ ಎಂಬ ಕರೆಂಟಿನ ಗರಗಸಕ್ಕೆ ಸಣ್ಣ ಹಲ್ಲಿನ ಬ್ಲೇಡು ಹಾಕಿ ನಿಧಾನ ವೇಗದಲ್ಲಿ ಕೊಯ್ದರು, ಬೇಗ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಅಂಟುತ್ತದಂತೆ. ಬಿಳಿಯ ಹುಡಿ ಅವರ ಮೊಣಕೈ ತನಕ ಕೂತಿತ್ತು. ಆಮೇಲೆ ಅಂಚಿಗೆ 120ನೇ ನಂಬರಿನ ಎಮರಿ ಕಾಗದ (ನಂಬರ್ ಹೆಚ್ಚಿದಷ್ಟೂ ನಯ), ನಂತರ 400, ಕೊನೆಗೆ 800ರದ್ದನ್ನು ನೀರಿನಲ್ಲಿ ಅದ್ದಿ ಉಜ್ಜಿದರು. ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಅಂಚು ದುಂಡಗಾಗುವುದು ಚಂದಕ್ಕಷ್ಟೇ ಅಲ್ಲ. ಬಿದ್ದಾಗ ಕುತ್ತಿಗೆಗೆ ತಾಗುವುದು ಅದೇ ಅಂಚು, ಬಿರುಕು ಶುರುವಾಗುವುದೂ ಒರಟು ಉಳಿದ ಜಾಗದಿಂದಲೇ.

ಎರಡು ಸೆಂ.ಮೀ. ಹೋದ ಮೇಲೆ ಹಾವೇರಿ ಕಡೆಯ ಹೆದ್ದಾರಿಯಲ್ಲಿ ವರೂರಿನ ತನಕ ಹೋಗಿ ಬಂದೆ. ನಡುಕ ಅರ್ಧಕ್ಕರ್ಧ ಇಳಿದಿತ್ತು, ಹೋಗಿರಲಿಲ್ಲ. ಇನ್ನೆರಡು ಸೆಂ.ಮೀ. ತೆಗೆಸಿ ಮತ್ತೆ ಹೋದೆ. ಈಗ ಸರಿಹೋಯಿತು. ಕೂತು ನೋಡಿದರೆ ಅಂಚು ಕಣ್ಣಿನ ಮಟ್ಟಕ್ಕಿಂತ ನಾಲ್ಕು ಸೆಂ.ಮೀ. ಕೆಳಗೆ, ಹೆಚ್ಚುಕಡಿಮೆ ಮೂಗಿನ ತುದಿಗೆ ಬರುತ್ತದೆ. ಅದರ ಮೇಲಿಂದ ಇಪ್ಪತ್ತು ಮೀಟರ್ ಆಚೆಯ ರಸ್ತೆಯೆಲ್ಲ ನೇರವಾಗಿ ಕಾಣುತ್ತದೆ. ಬಹುಮಂದಿಗೆ ಹೊಂದುವುದು ಮೂಗು ಬಾಯಿಯ ನಡುವಿನ ಮಟ್ಟ. ಆದರೆ ಒಬ್ಬರ ಅಳತೆಯನ್ನು ಇನ್ನೊಬ್ಬರು ಕುರುಡಾಗಿ ತೆಗೆದುಕೊಳ್ಳಬಾರದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರುತ್ತದೆ. ಸೀಟಿನ ಮೇಲಿನ ಎತ್ತರವಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದು. ಹಿಂದೆ ಒಬ್ಬರು ಕೂತರೆ, ಬ್ಯಾಗು ತುಂಬಿಸಿದರೆ ಗಾಡಿಯ ಹಿಂಭಾಗ ಕುಸಿದು ವೈಸರಿನ ಓರೆಯೂ ಬದಲಾಗುತ್ತದೆ. ಹಾಗಾಗಿ ಪ್ರಯಾಣದ ದಿನ ಹೇಗೆ ಹೋಗುತ್ತೀರೋ ಹಾಗೇ, ಅದೇ ಹೆಲ್ಮೆಟ್, ಅದೇ ಜಾಕೆಟ್, ಅದೇ ಲಗೇಜು ಹಾಕಿಕೊಂಡು ಅಳೆಯಿರಿ.

ಕತ್ತರಿಸುವ ಮೊದಲು ಇನ್ನೊಂದು ಪ್ರಯತ್ನ ಮಾಡಿ ನೋಡಬಹುದಿತ್ತು, ನನಗೆ ತಡವಾಗಿ ತಿಳಿಯಿತು. ವೈಸರಿನ ಕೆಳಗಂಚಿಗೂ ಹೆಡ್‌ಲೈಟಿಗೂ ನಡುವೆ ಒಂದೆರಡು ಬೆರಳು ಸಂದಿ ಬಿಟ್ಟರೆ ಅಲ್ಲಿಂದ ನುಗ್ಗುವ ಗಾಳಿ ಒಳಗಿನ ಖಾಲಿ ಜಾಗವನ್ನು ತುಂಬುತ್ತದೆ. ಮೇಲಿನ ಸುಳಿ ಎಳೆದುಕೊಂಡು ಒಳಬರುವುದು ಕಡಿಮೆಯಾಗುತ್ತದೆ. ಬೋಲ್ಟಿಗೆ ದಪ್ಪ ವಾಷರ್ ಕೊಟ್ಟು ಮುಂದಕ್ಕೆ ತಳ್ಳಿದರೆ ಕೆಲವು ಗಾಡಿಗಳಲ್ಲಿ ಇದಕ್ಕೆ ದಾರಿ ಇದೆ. ಖರ್ಚು ಹೆಚ್ಚೇನಿಲ್ಲ, ಬೇಡವಾದರೆ ಬಿಚ್ಚಿಬಿಡಬಹುದು. ಮೊದಲು ಇದನ್ನೇ ನೋಡಿ.

ವಾಪಸ್ ಬರುವಾಗ ಅದೇ ಚಿತ್ರದುರ್ಗದ ಗಾಳಿ ಬಲ ಹಿಂಬದಿಯಿಂದ ಬರುತ್ತಿತ್ತು. ಎಂಬತ್ತರಲ್ಲಿ ಅರವತ್ತರ ಗಾಳಿಯಷ್ಟೇ ಅನಿಸುತ್ತಿತ್ತು. ಈ ಹುಬ್ಬಳ್ಳಿ ರಸ್ತೆಯಲ್ಲಿ ವೈಸರ್ ಪರೀಕ್ಷೆ ಮಾಡುವವರು ಬರುವ ದಿಕ್ಕಿನಲ್ಲಿ ಮಾತ್ರ ನೋಡಿ ಒಪ್ಪಬೇಡಿ, ಹೋಗುವ ದಿಕ್ಕಿನಲ್ಲೂ ನೋಡಿ. ಹಿರಿಯೂರಿನ ಹತ್ತಿರ ಒಂದು ಸಣ್ಣ ಮಳೆ ಹಿಡಿಯಿತು. ಹನಿಗಳು ವೈಸರಿನ ಮೇಲೆ ಕೂತು ಕದಲದೆ ನಿಂತವು. ಅದರೊಳಗಿಂದ ನೋಡುವ ಪ್ರಸಂಗ ಬಂದಿದ್ದರೆ ಏನೂ ಕಾಣುತ್ತಿರಲಿಲ್ಲ. ಅಂಚು ಕಣ್ಣಿನ ಕೆಳಗಿದ್ದದ್ದಕ್ಕೆ ಹೆಲ್ಮೆಟ್ಟಿನ ಗಾಜನ್ನು ಕೈಗವುಸಿನಲ್ಲಿ ಒರೆಸಿಕೊಂಡು ಬಂದೆ. ರಾತ್ರಿ ಎದುರಿನ ಲಾರಿಯ ಬೆಳಕು ಗೀರುಬಿದ್ದ ಪ್ಲಾಸ್ಟಿಕ್ಕಿನಲ್ಲಿ ಚದುರಿದಾಗಲೂ ಇದೇ ಮಾತು.

ಒಣಗಿದ ಹುಳುಗಳನ್ನು ಉಗುರಿನಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ವೈಸರಿನ ಮೇಲೆ ಹೊದಿಸಿಡಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲು, ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಎರಡೂ ಪಾಲಿಕಾರ್ಬೊನೇಟನ್ನು ಮಬ್ಬಾಗಿಸುತ್ತವೆ. ಬೋಲ್ಟುಗಳನ್ನು ರಬ್ಬರ್ ಬುಷ್ ಹಾಕಿ, ಕೈಗೆ ಬಿಗಿಯೆನಿಸುವಷ್ಟೇ ಬಿಗಿಯಿರಿ. ಅತಿಯಾಗಿ ಬಿಗಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ನಾನು ದಾವಣಗೆರೆಯಲ್ಲಿ ಒಮ್ಮೆ, ಶಿರಾದಲ್ಲಿ ಒಮ್ಮೆ ಅಲೆನ್ ಕೀ ಹಾಕಿ ನೋಡಿದೆ. ಎಡಗಡೆಯ ಕೆಳಗಿನದು ಅರ್ಧ ಸುತ್ತು ಸಡಿಲವಾಗಿತ್ತು.